ಧ್ಯಾನದ ಕ್ಲಾಸಿಗಿಂತ ಮೊದಲು ಡ್ಯೂಟಿ ಚಾರ್ಟ್ ನೋಡಿ

ಪ್ರಶ್ನೆ: ನಾನು ಸಾಂಕ್ರಾಮಿಕ ರೋಗಿಗಳ ವಾರ್ಡೊಂದರ ಇನ್‌ಚಾರ್ಜ್ ನರ್ಸ್. ನನ್ನ ಜೊತೆ 26 ಜನ ಕೆಲಸ ಮಾಡುತ್ತಾರೆ. ರೋಗ ಹರಡಲು ಶುರುವಾಗಿ ನಾಲ್ಕು ತಿಂಗಳಾಯಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅಳುತ್ತಾಳೆ. ಹದಿನೈದು ವರ್ಷ ಅನುಭವ ಇರುವ ಸಿಸ್ಟರ್ ಒಬ್ಬರು ರೋಗಿಗಳ ಹೆಸರು ಹೇಳುವುದನ್ನೇ ಬಿಟ್ಟಿದ್ದಾರೆ, ಬರೀ ಬೆಡ್ ನಂಬರ್ ಹೇಳುತ್ತಾರೆ. ಇನ್ನೊಬ್ಬರಿಂದ ನೈಟ್ ಡ್ಯೂಟಿಯಲ್ಲಿ ಔಷಧದ ಡೋಸ್ ತಪ್ಪಿತು. ರೋಗಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವರು ಯಾರ ಜೊತೆಗೂ ಮಾತಾಡುತ್ತಿಲ್ಲ. ಆಡಳಿತದವರು ಆನ್‌ಲೈನ್ ಧ್ಯಾನದ ಕ್ಲಾಸ್ ಇಟ್ಟರು, ಒಂದು ಹೆಲ್ಪ್‌ಲೈನ್ ನಂಬರ್ ಕೊಟ್ಟರು. ಕ್ಲಾಸಿಗೆ ಮೂರು ಜನ ಬಂದರು. ಫೋನ್ ಯಾರೂ ಮಾಡಿಲ್ಲ. ನನಗೂ ನಿದ್ದೆ ಬರುತ್ತಿಲ್ಲ. ಇನ್‌ಚಾರ್ಜೇ ಕೂತು ಅತ್ತರೆ ವಾರ್ಡಿನ ಗತಿ ಏನು ಎಂದು ಸುಮ್ಮನಿದ್ದೇನೆ. ಇವರನ್ನೆಲ್ಲ ನಾನು ಹೇಗೆ ನೋಡಿಕೊಳ್ಳಲಿ?

ಉತ್ತರ: ಸಿಸ್ಟರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಾಲ್ಕು ಜನ ಇದ್ದಾರೆ. ಅಳುವ ಹುಡುಗಿ, ಬೆಡ್ ನಂಬರ್ ಹೇಳುವ ಸಿಸ್ಟರ್, ಡೋಸ್ ತಪ್ಪಿದ ಸಿಸ್ಟರ್, ಆಮೇಲೆ ನೀವು. ನಾಲ್ವರ ನೋವೂ ಬೇರೆ ಬೇರೆ. ಒಬ್ಬೊಬ್ಬರ ಬಗ್ಗೆಯೂ ಬರೆಯುತ್ತೇನೆ. ಆದರೆ ಮೊದಲು ಆ ಧ್ಯಾನದ ಕ್ಲಾಸಿನ ವಿಷಯ. 26 ಜನರಲ್ಲಿ ಮೂವರೇ ಯಾಕೆ ಬಂದರು ಎಂಬುದು ತಿಳಿದರೆ ಅರ್ಧ ದಾರಿ ಸಿಕ್ಕ ಹಾಗೆ.

2020ರ ಆರಂಭದಲ್ಲಿ ಚೀನಾದ ಚಾಂಗ್‌ಶಾ ನಗರದ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರೆಯಲ್ಲಿ ಇದೇ ನಡೆಯಿತು. ಕೋವಿಡ್ ಶುರುವಾದ ಕೂಡಲೇ ಅಲ್ಲಿಯವರು ಸಿಬ್ಬಂದಿಗಾಗಿ ಆನ್‌ಲೈನ್ ಪಾಠ, ಹೆಲ್ಪ್‌ಲೈನ್, ಒತ್ತಡ ಇಳಿಸುವ ಗುಂಪು ಚಟುವಟಿಕೆ ಎಲ್ಲ ಮಾಡಿದರು. ಆದರೆ ಸಿಬ್ಬಂದಿ ಅದರ ಹತ್ತಿರ ಬರಲು ಹಿಂದೇಟು ಹಾಕಿದರು. ನರ್ಸುಗಳು ಸಿಡುಕುತ್ತಿದ್ದರು, ವಿಶ್ರಾಂತಿ ಬೇಡ ಎನ್ನುತ್ತಿದ್ದರು, ಆದರೂ ನಮಗೇನೂ ಆಗಿಲ್ಲ ಎಂದೇ ಹೇಳುತ್ತಿದ್ದರು. ಆಗ ಆಸ್ಪತ್ರೆಯವರು ಮಾಡಿದ ಒಳ್ಳೆಯ ಕೆಲಸ ಅಂದರೆ, ಸಿಬ್ಬಂದಿಯನ್ನು ಕೂರಿಸಿಕೊಂಡು ನಿಮಗೆ ಏನು ಬೇಕು ಎಂದು ಕೇಳಿದ್ದು. ಹಲವರು ಹೇಳಿದ್ದು ಇಷ್ಟು: ನಮಗೆ ಮನಶ್ಶಾಸ್ತ್ರಜ್ಞರು ಬೇಡ. ಯಾರೂ ಎಬ್ಬಿಸದ ನಿದ್ದೆ ಬೇಕು. ಸಾಕಷ್ಟು ಮಾಸ್ಕು, ಸೋಂಕು ತಗುಲದಂತೆ ಮೈಮೇಲೆ ಹಾಕಿಕೊಳ್ಳುವ ಕಿಟ್ಟು ಬೇಕು. ಗಾಬರಿಯಿಂದ ಮಾತು ಕೇಳದ ರೋಗಿಯನ್ನು ಹೇಗೆ ಸಮಾಧಾನ ಮಾಡಬೇಕು ಎಂದು ಕಲಿಸಿ.

ಆಸ್ಪತ್ರೆ ತನ್ನ ಯೋಜನೆಯನ್ನೇ ಬದಲಿಸಿತು. ಸಿಬ್ಬಂದಿಗೆ ಮಲಗಲು ಜಾಗ ಮಾಡಿತು. ಊಟ ಮತ್ತು ದಿನಬಳಕೆಯ ಸಾಮಾನು ತಪ್ಪದಂತೆ ನೋಡಿಕೊಂಡಿತು. ಮನೆಯವರಿಗೆ ಚಿಂತೆ ಆಗದಿರಲಿ ಎಂದು ಆಸ್ಪತ್ರೆಯಲ್ಲಿ ತಮ್ಮ ದಿನ ಹೇಗಿರುತ್ತದೆ ಎಂಬ ವಿಡಿಯೊ ಮಾಡಿ ಕಳಿಸಲು ಹೇಳಿತು. ಜಗಳಕ್ಕೆ ಬರುವ ರೋಗಿಗಳನ್ನು ನಿಭಾಯಿಸಲು ಸೆಕ್ಯುರಿಟಿಯವರನ್ನು ಕೊಟ್ಟಿತು. ಕೌನ್ಸೆಲರ್‌ಗಳು ತಾವೇ ಆ ವಿಶ್ರಾಂತಿ ಜಾಗಕ್ಕೆ ಹೋಗಿ ಸುಮ್ನೆ ಕೂತು ಮಾತು ಕೇಳತೊಡಗಿದರು. ಆಮೇಲೆ ಜನ ಬಾಯಿ ಬಿಟ್ಟರು.

ಮನೋವೈದ್ಯನಾಗಿ ನಾನು ನಂಬಿರುವುದೂ ಇದನ್ನೇ. ಬಿಕ್ಕಟ್ಟಿನ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮನಸ್ಸು ಕುಸಿಯುವುದು ಅವರ ಮನಸ್ಸು ದುರ್ಬಲ ಎಂದಲ್ಲ. ಅವರು ಕೆಲಸ ಮಾಡುವ ರೀತಿ ಮನುಷ್ಯರು ತಾಳಿಕೊಳ್ಳುವಂಥದ್ದಲ್ಲ. ಹನ್ನೆರಡು ಗಂಟೆ ಕಿಟ್ಟಿನೊಳಗೆ ಬೆಂದು ಬಂದವರಿಗೆ ಉಸಿರನ್ನು ಗಮನಿಸಿ ಎಂದರೆ ಅದು ಅವರ ಕಿವಿಗೆ ಬೇರೆಯೇ ಕೇಳುತ್ತದೆ. 'ತಪ್ಪು ನಿನ್ನೊಳಗೇ ಇದೆ, ನೀನೇ ಸರಿ ಮಾಡಿಕೊ' ಎಂದು ಕೇಳುತ್ತದೆ. ಧ್ಯಾನ ಕೆಟ್ಟದ್ದಲ್ಲ. ಅದಕ್ಕೆ ಸಮಯ ಬರುತ್ತದೆ. ಆದರೆ ಮೊದಲು ಆಗಬೇಕಾದ ಕೆಲಸದ ಜಾಗಕ್ಕೆ ಅದನ್ನು ತಂದು ಕೂರಿಸಬಾರದು.

ಆ ಮೊದಲ ಕೆಲಸ ನಿಮ್ಮ ಮೇಜಿನ ಮೇಲೇ ಇದೆ. ಅದು ಡ್ಯೂಟಿ ಚಾರ್ಟ್.

ನಿದ್ದೆಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಆಸ್ಪತ್ರೆಗಳಲ್ಲಿ ನಿದ್ದೆಗೆಡುವುದನ್ನು ದೊಡ್ಡಸ್ತಿಕೆ ಎಂದುಕೊಂಡವರು ಈಗಲೂ ಇದ್ದಾರೆ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಹೋಲಿಕೆ ಮಾಡಿ ತೋರಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಗಮನ, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಮಂದವಾಗಿರುತ್ತದೆ. 24 ಗಂಟೆ ಎಚ್ಚರವಿದ್ದರೆ ಅದು ಸುಮಾರು 0.10%ಕ್ಕೆ ಸಮ. ಕುಡಿದು ವಾರ್ಡಿಗೆ ಬಂದವರನ್ನು ನೀವು ಒಳಗೆ ಬಿಡುವುದಿಲ್ಲ. ನಿದ್ದೆಗೆಟ್ಟವರನ್ನು ಬಿಡುತ್ತೀರಿ, ಬಿಡಲೇಬೇಕಾಗಿದೆ. 2004ರಲ್ಲಿ ಪ್ರಕಟವಾದ, ಅಮೆರಿಕದ ಆಸ್ಪತ್ರೆಯೊಂದರ ಐಸಿಯುಗಳಲ್ಲಿ ಇಂಟರ್ನ್ ಡಾಕ್ಟರುಗಳ ಮೇಲೆ ನಡೆದ ಅಧ್ಯಯನದಲ್ಲಿ, 24 ಗಂಟೆ ಮೀರುವ ಶಿಫ್ಟುಗಳಿದ್ದ ಹಳೆಯ ಚಾರ್ಟಿನಲ್ಲಿ, ಶಿಫ್ಟು ಚಿಕ್ಕದು ಮಾಡಿದ ಹೊಸ ಚಾರ್ಟಿಗಿಂತ ಗಂಭೀರ ತಪ್ಪುಗಳು 36% ಜಾಸ್ತಿ ಆಗಿದ್ದವು. ಡಾಕ್ಟರುಗಳು ಅವರೇ, ಓದಿದ್ದೂ ಅದೇ. ಬದಲಾಗಿದ್ದು ಚಾರ್ಟ್ ಮಾತ್ರ.

ನಿಮಗೆ ಹೆಚ್ಚು ಜನರನ್ನು ಕೊಡಿಸುವ ಅಧಿಕಾರ ಇಲ್ಲ, ಗೊತ್ತು. ಆದರೂ ಇರುವ ಜನರಲ್ಲೇ ಮಾಡಬಹುದಾದ್ದು ಇದೆ. ಎರಡು ಶಿಫ್ಟುಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಇರುವಂತೆ ನೋಡಿ. ಯುರೋಪಿನ ಕೆಲಸದ ಸಮಯದ ನಿಯಮದಲ್ಲಿ ಇರುವುದು ಇದೇ ಲೆಕ್ಕ. ಪಾಳಿ ಬದಲಿಸುವಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಹೋಗಲಿ. ಹಿಂದಕ್ಕೆ ಹೋದರೆ ದೇಹ ಒಗ್ಗಿಕೊಳ್ಳುವುದು ಕಷ್ಟ. ನೈಟ್ ಡ್ಯೂಟಿಯಲ್ಲಿ ಪ್ರತಿಯೊಬ್ಬರಿಗೂ 20–30 ನಿಮಿಷದ ಒಂದು ನಿದ್ದೆ ಚಾರ್ಟಿನಲ್ಲೇ ಬರೆದಿರಲಿ. ಅದಕ್ಕಿಂತ ಉದ್ದದ ನಿದ್ದೆಯಿಂದ ಎದ್ದರೆ ಸ್ವಲ್ಪ ಹೊತ್ತು ಮಂಕು ಹಿಡಿಯುತ್ತದೆ, ಹಾಗಾಗಿ ಎದ್ದ ಕೂಡಲೇ ಇಂಜೆಕ್ಷನ್ ಕೆಲಸಕ್ಕೆ ಕಳಿಸಬೇಡಿ. ನೈಟ್ ಮುಗಿಸಿದವರು ತಾವೇ ಗಾಡಿ ಓಡಿಸಿಕೊಂಡು ಮನೆಗೆ ಹೋಗುವುದು ನಿಜಕ್ಕೂ ಅಪಾಯ. ಬೇರೆ ವ್ಯವಸ್ಥೆ ಆಗುತ್ತದೆಯೇ ಎಂದು ಆಡಳಿತದವರನ್ನು ಕೇಳಿ. ಧ್ಯಾನದ ಕ್ಲಾಸಿಗಿಂತ ಆ ಖರ್ಚು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಡುವಿನ ಬಗ್ಗೆ ಇನ್ನೊಂದು ಮಾತು. 'ಆಗ ಈಗ ಹೋಗಿ ಬನ್ನಿ' ಎಂದರೆ ಯಾರೂ ಹೋಗುವುದಿಲ್ಲ. ತನ್ನ ರೋಗಿಯನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂದು ಕೂತೇ ಇರುತ್ತಾರೆ. ಇವರು ಎದ್ದರೆ ಇವರ ಬೆಡ್‌ಗಳನ್ನು ನೋಡುವವರು ಯಾರು ಎಂದು ಹೆಸರು ಬರೆದಿರಬೇಕು. ಆಗಷ್ಟೇ ಅದು ಬಿಡುವು. ಕಿಟ್ ಕಳಚಿ ಮತ್ತೆ ತೊಡುವುದಕ್ಕೆ ಹೋಗುವ ಸಮಯವನ್ನೂ ಅದರಲ್ಲಿ ಹಿಡಿಯಬೇಡಿ.

2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಯಲ್ಲಿ ಎರಡು ವಿಷಯ ನನಗೆ ತುಂಬ ಹಿಡಿಸಿದವು. ಹೆಚ್ಚು ಒತ್ತಡದ ಜಾಗದಲ್ಲಿರುವವರನ್ನು ಆಗಾಗ ಕಡಿಮೆ ಒತ್ತಡದ ಜಾಗಕ್ಕೆ ಬದಲಿಸಿ ಎಂಬುದು ಒಂದು. ಹೊಸಬರನ್ನು ಅನುಭವಸ್ಥರ ಜೊತೆ ಜೋಡಿ ಮಾಡಿ ಎಂಬುದು ಇನ್ನೊಂದು. ಎರಡಕ್ಕೂ ದುಡ್ಡು ಬೇಕಿಲ್ಲ. ಒಂದೇ ಎಚ್ಚರಿಕೆ. ಬದಲಾವಣೆ ಎಲ್ಲರಿಗೂ ಸರದಿಯಂತೆ ಬರಲಿ. 'ಇವರಿಗೆ ಆಗುತ್ತಿಲ್ಲ' ಎಂದು ಒಬ್ಬರನ್ನೇ ಎತ್ತಿ ಹಾಕಿದರೆ ಅವರು ಅದನ್ನು ಶಿಕ್ಷೆ ಎಂದೇ ತಿಳಿಯುತ್ತಾರೆ.

ಇನ್ನು ಭಯ. ನಿಮ್ಮ ಪತ್ರದಲ್ಲಿ ಇದರ ಮಾತಿಲ್ಲ, ಆದರೆ ವಾರ್ಡಿನಲ್ಲಿ ಖಂಡಿತ ಇದೆ. ಇದು ಸುಮ್ಮನೆ ಹುಟ್ಟಿದ ಭಯ ಅಲ್ಲ. 2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ರೋಗದಲ್ಲಿ ಜಗತ್ತಿನಾದ್ಯಂತ ಸೋಂಕು ತಗುಲಿದವರಲ್ಲಿ ಐದರಲ್ಲಿ ಒಬ್ಬರು ಆರೋಗ್ಯ ಸಿಬ್ಬಂದಿ. 2020ರ ಜನವರಿಯಿಂದ 2021ರ ಮೇವರೆಗೆ ಕೋವಿಡ್‌ನಿಂದ 80,000ದಿಂದ 1,80,000 ಆರೋಗ್ಯ ಕಾರ್ಯಕರ್ತರು ತೀರಿಕೊಂಡಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದ್ದರಿಂದ 'ಹೆದರಬೇಡಿ' ಎನ್ನುವುದರಿಂದ ಏನೂ ಆಗುವುದಿಲ್ಲ. ತನಗೆ ಬಂದರೂ ಪರವಾಗಿಲ್ಲ, ಮನೆಗೆ ಒಯ್ದರೆ ಏನು ಗತಿ ಎಂಬುದೇ ಹೆಚ್ಚಿನವರ ಒಳಗಿನ ಮಾತು. ಪುಟ್ಟ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರುವವರು ಯಾರ‍್ಯಾರು ಎಂದು ನಿಮಗೆ ಗೊತ್ತಿರಬೇಕು. ಕಿಟ್ ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತದೆ, ಸೋಂಕು ತಗುಲಿದರೆ ರಜೆ ಮತ್ತು ಸಂಬಳದ ಕಥೆ ಏನು, ಎಲ್ಲಿ ದಾಖಲು ಮಾಡುತ್ತಾರೆ ಎಂಬುದಕ್ಕೆ ಆಡಳಿತದಿಂದ ಬರಹದಲ್ಲಿ ಉತ್ತರ ತನ್ನಿ.

ಅಮೆರಿಕದಲ್ಲಿ ಕೋವಿಡ್‌ನ ಮೊದಲ ವಾರಗಳಲ್ಲಿ 69 ಜನ ಡಾಕ್ಟರು, ನರ್ಸು ಮುಂತಾದವರ ಜೊತೆ ಕೂತು ಅವರ ಆತಂಕ ಏನೆಂದು ಕೇಳಿದ ವೈದ್ಯರು, ಅವರ ಬೇಡಿಕೆಗಳನ್ನು ಐದು ಮಾತಿನಲ್ಲಿ ಬರೆದರು. ನನ್ನ ಮಾತು ಕೇಳಿ, ನನ್ನನ್ನು ಕಾಪಾಡಿ, ನನ್ನನ್ನು ತಯಾರು ಮಾಡಿ, ನನಗೆ ಒತ್ತಾಸೆಯಾಗಿ ನಿಲ್ಲಿ, ನನಗೇನಾದರೂ ಆದರೆ ನನ್ನನ್ನು ನೋಡಿಕೊಳ್ಳಿ. ಇದರಲ್ಲಿ ಯಾವುದೂ ಅತಿಯಾಸೆ ಅಲ್ಲ, ಅಲ್ವಾ? ದಿನಕ್ಕೊಮ್ಮೆ, ಶಿಫ್ಟ್ ಬದಲಾಗುವಾಗ ಐದು ನಿಮಿಷ ಎಲ್ಲರ ಮುಂದೆ ನಿಂತು ಇವತ್ತಿನ ಸುದ್ದಿ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಯಾವಾಗ ತಿಳಿದು ಹೇಳುತ್ತೇನೆ ಎಂಬುದನ್ನೂ ಹೇಳಿ. ನಿಮ್ಮ ಬಾಯಿಂದ ನಿಜ ಬಾರದಿದ್ದರೆ ಕಾರಿಡಾರಿನ ಗಾಳಿಸುದ್ದಿ ಆ ಜಾಗ ತುಂಬುತ್ತದೆ.

ಈಗ ಆ ಹುಡುಗಿ.

ಅವಳು ಅಳುವುದು ನನಗೆ ಅಷ್ಟೇನೂ ಚಿಂತೆ ತರುವುದಿಲ್ಲ. ಕಣ್ಣೆದುರಿಗೆ ಸಾವು ನೋಡಿದ ಹೊಸ ನರ್ಸ್ ಅಳುವುದು ಸಹಜ. ಅವಳು ಒಬ್ಬಳೇ ಕೂತು ಅಳುತ್ತಾಳಲ್ಲ, ಅದನ್ನು ಮಾತ್ರ ಬದಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರು ಮಾತುಗಳಿವೆ: ನೋಡಿ, ಕೇಳಿ, ಜೋಡಿಸಿ. ನೀವು ನೋಡಿದ್ದಾಯಿತು. ಇನ್ನು ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. 'ಇವತ್ತು ಕಷ್ಟದ ದಿನ ಆಯಿತು ಅಲ್ವಾ, ನಾನಿಲ್ಲೇ ಇರುತ್ತೇನೆ' ಎಂದರೆ ಸಾಕು. ನೀರು ಕೊಡಿ. ಮಾತಾಡಿದರೆ ಕೇಳಿಸಿಕೊಳ್ಳಿ, ಮಾತಾಡದಿದ್ದರೆ ಸುಮ್ಮನೆ ಜೊತೆಗಿರಿ. 'ಧೈರ್ಯವಾಗಿರು', 'ನಾವೆಲ್ಲ ಇಂಥದ್ದು ಎಷ್ಟೋ ನೋಡಿದ್ದೇವೆ' ಎನ್ನಬೇಡಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವರ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ಅವಳನ್ನು ಯಾವುದಕ್ಕಾದರೂ ಜೋಡಿಸಿ. ಮನೆಯಲ್ಲಿ ಯಾರಿದ್ದಾರೆ, ಊಟ ಆಯಿತೇ, ನಾಳೆ ಯಾರ ಜೊತೆ ಡ್ಯೂಟಿ ಹಾಕಿದರೆ ಹಗುರ ಎನಿಸುತ್ತದೆ ಎಂದು ಕೇಳಿ.

ಇಲ್ಲಿ ಒಂದು ತಪ್ಪು ದಾರಿ ಇದೆ. ಒಳ್ಳೆಯದಾಗಲಿ ಎಂದೇ ಎಷ್ಟೋ ಕಡೆ ಅದನ್ನು ಹಿಡಿಯುತ್ತಾರೆ. ಏನಾದರೂ ದೊಡ್ಡ ದುರಂತ ಆದ ಕೂಡಲೇ ಎಲ್ಲರನ್ನೂ ಕೂರಿಸಿ, ಏನಾಯಿತು, ಏನು ನೋಡಿದಿರಿ, ಏನನಿಸಿತು ಎಂದು ಒತ್ತಾಯದಿಂದ ಹೇಳಿಸುವುದು. ಒಳಗಿದ್ದದ್ದು ಹೊರಗೆ ಬಂದರೆ ಹಗುರ ಎಂಬ ನಂಬಿಕೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಟ್ಟಗಾಯಗಳಾಗಿ ಆಸ್ಪತ್ರೆ ಸೇರಿದವರಲ್ಲಿ ಒಂದು ಗುಂಪಿಗೆ ಹೀಗೆ ಘಟನೆಯನ್ನೆಲ್ಲ ಹೇಳಿಸಿದರು. ಇನ್ನೊಂದು ಗುಂಪಿಗೆ ಹೇಳಿಸಲಿಲ್ಲ. 13 ತಿಂಗಳ ನಂತರ ನೋಡಿದಾಗ, ಹೇಳಿಸಿದ ಗುಂಪಿನಲ್ಲಿ 26% ಜನಕ್ಕೆ ಆಘಾತದ ನೆನಪು ಬಿಡದೆ ಕಾಡುವ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇತ್ತು. ಬಿಟ್ಟ ಗುಂಪಿನಲ್ಲಿ 9%. ಒಂದೇ ಸಲ ಕೂರಿಸಿ ಹೇಳಿಸುವ ಇಂಥ ವಿಧಾನದಿಂದ ಉಪಯೋಗ ಇಲ್ಲ, ಕೆಲವರಿಗೆ ಹಾನಿಯೇ ಆಗಬಹುದು ಎಂದು ನಂತರದ ವಿಮರ್ಶೆಗಳೂ ಹೇಳಿದವು. ಮಾತು ಅವಳಿಗೆ ಬೇಕೆನಿಸಿದಾಗ, ಅವಳಿಗೆ ಬೇಕಾದಷ್ಟು ಬರಲಿ. ಬಾಗಿಲು ತೆರೆದಿಡುವುದು ನಿಮ್ಮ ಕೆಲಸ. ಎಳೆದು ತರುವುದು ಬೇಡ.

ಅವಳಿಗೆ ಒಬ್ಬ ಜೊತೆಗಾತಿಯನ್ನು ಗೊತ್ತುಮಾಡಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವೈದ್ಯರು 2020ರಲ್ಲಿ ಸೈನ್ಯದ ಪದ್ಧತಿಯೊಂದನ್ನು ಆಸ್ಪತ್ರೆಗೆ ತಂದರು. ಒಂದೇ ರೀತಿಯ ಕೆಲಸ ಮಾಡುವ ಇಬ್ಬರು ಜೋಡಿಯಾಗಿ ದಿನವೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು, ಅಷ್ಟೇ. ಎರಡು ನಿಮಿಷದ ಮಾತು. ಇವತ್ತು ಯಾವುದು ಕಷ್ಟ ಆಯಿತು, ಯಾವುದು ಸರಿಹೋಯಿತು, ನಿದ್ದೆ ಆಯಿತೇ. ಮೇಲಧಿಕಾರಿಗೆ ಹೇಳದ ಮಾತನ್ನು ಪಕ್ಕದ ಬೆಡ್ ನೋಡುವವರಿಗೆ ಹೇಳುತ್ತಾರೆ. ನಿಮ್ಮ 26 ಜನರನ್ನೂ ಹೀಗೆ 13 ಜೋಡಿ ಮಾಡಿಬಿಡಿ.

ಬೆಡ್ ನಂಬರ್ ಹೇಳುವ ಆ ಹಿರಿಯ ಸಿಸ್ಟರ್ ಬಗ್ಗೆ ನನಗೆ ಹೆಚ್ಚು ಕಳವಳ. ಅಳುವವರನ್ನು ಎಲ್ಲರೂ ಗಮನಿಸುತ್ತಾರೆ. ಕಲ್ಲಾದವರನ್ನು ಯಾರೂ ಗಮನಿಸುವುದಿಲ್ಲ. ಅವರ ಕೆಲಸ ಸರಿಯಾಗಿ ನಡೆಯುತ್ತಲೇ ಇರುತ್ತದೆ. ನೀವು ಗಮನಿಸಿದಿರಿ. ಅದು ದೊಡ್ಡದು.

ಇದಕ್ಕೆ ಬರ್ನ್‌ಔಟ್ ಎನ್ನುತ್ತೇವೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಮಸ್ಲಾಕ್ ಇದರ ಮೂರು ಮುಖ ಗುರುತಿಸಿದರು. ಪೂರ್ತಿ ಬಸವಳಿಯುವುದು, ಎದುರಿಗಿರುವವರು ಮನುಷ್ಯರು ಎಂಬ ಭಾವ ಮರಗಟ್ಟುವುದು, ತಾನು ಮಾಡಿದ್ದರಿಂದ ಏನೂ ಆಗದು ಎನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೆಲಸದಿಂದ ಬರುವ ಸ್ಥಿತಿ ಎಂದು ಕರೆಯಿತು, ರೋಗದ ಪಟ್ಟಿಗೆ ಸೇರಿಸಲಿಲ್ಲ. ಆ ಸಿಸ್ಟರ್ ಹೆಸರು ಬಿಟ್ಟಿದ್ದು ಕ್ರೌರ್ಯದಿಂದಲ್ಲ. ಹೆಸರು ಹೇಳಿದರೆ ಆ ಮನುಷ್ಯ ಎದೆಯೊಳಗೆ ಬರುತ್ತಾನೆ. ನಾಳೆ ಅವನು ಇಲ್ಲದಿದ್ದರೆ? ಈ ನಾಲ್ಕು ತಿಂಗಳಲ್ಲಿ ಹಾಗೆ ಎಷ್ಟು ಹೆಸರುಗಳು ಹೋಗಿರಬಹುದು.

ಆದರೆ ಇದು ಬರೀ ದಣಿವು ಇರಲಿಕ್ಕಿಲ್ಲ ಎಂದು ನನ್ನ ಊಹೆ. ಹದಿನೈದು ವರ್ಷದ ಅನುಭವ ಇದ್ದವರಿಗೆ ಸರಿಯಾದ ಶುಶ್ರೂಷೆ ಹೇಗಿರಬೇಕು ಎಂದು ಕರಾರುವಾಕ್ಕಾಗಿ ಗೊತ್ತು. ಈಗ ಹಾಗೆ ಮಾಡಲು ಆಗುತ್ತಿಲ್ಲ. ಒಬ್ಬರೇ ನೋಡಬೇಕಾದ ರೋಗಿಗಳು ಎರಡು ಪಟ್ಟು. ಸಾಯುವವರ ಪಕ್ಕ ಮನೆಯವರನ್ನು ಬಿಡುವ ಹಾಗಿಲ್ಲ. ಫೋನ್ ಹಿಡಿದು ಮಗನ ದನಿ ಕೇಳಿಸುತ್ತಾ, ಅದೇ ಹೊತ್ತಿಗೆ ಪಕ್ಕದ ಬೆಡ್‌ನ ಅಲಾರಂ ಹೊಡೆದುಕೊಂಡರೆ ಫೋನ್ ಇಟ್ಟು ಓಡಬೇಕು. ಸರಿ ಯಾವುದು ಎಂದು ಗೊತ್ತಿದ್ದೂ ಮಾಡಲಾಗದ ಈ ಸಂಕಟಕ್ಕೆ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ, ನರ್ಸುಗಳ ಕೆಲಸದ ಬಗ್ಗೆ ಬರೆಯುತ್ತಾ, 'ನೈತಿಕ ಯಾತನೆ' ಎಂಬ ಅರ್ಥದ ಹೆಸರಿಟ್ಟರು. ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲಿ ಇದರ ಇನ್ನೂ ಆಳದ ರೂಪ ಕಂಡು 'ನೈತಿಕ ಗಾಯ' ಎಂದರು. ಇದಕ್ಕೆ ನಿದ್ದೆ ಮಾತ್ರೆ ಮದ್ದಲ್ಲ. ರಜೆ ಕೊಟ್ಟರೂ ಪೂರ್ತಿ ವಾಸಿಯಾಗದು. ಮನೆಯಲ್ಲಿ ಕೂತಾಗ ಅದು ಇನ್ನಷ್ಟು ಕಾಡುತ್ತದೆ.

ಹಾಗಾದರೆ ಏನು ಮಾಡುವುದು? ಮೊದಲನೆಯದಾಗಿ, ಯಾರಿಗೆ ಐಸಿಯು ಬೆಡ್, ಯಾರಿಗೆ ವೆಂಟಿಲೇಟರ್ ಎಂಬ ತೀರ್ಮಾನ ಬೆಡ್ ಪಕ್ಕ ನಿಂತವರ ತಲೆಗೆ ಬರಬಾರದು. ಅದಕ್ಕೆ ಬೇರೆ ಸಮಿತಿ ಇರಬೇಕು, ಬರೆದಿಟ್ಟ ನಿಯಮ ಇರಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಈ ವಾರವೇ ಕೇಳಿ. ಎರಡನೆಯದಾಗಿ, ಆ ಸಿಸ್ಟರ್ ಜೊತೆ ಕೂತು ಒಂದು ಪ್ರಶ್ನೆ ಕೇಳಿ: 'ನಿಮಗೆ ಯಾವ ರೋಗಿ ಇನ್ನೂ ನೆನಪಾಗುತ್ತಾರೆ?' ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಹೆಸರು ಹೇಳುತ್ತಾರೆ, ನೋಡಿ. ಅದು ಅವರ ತಪ್ಪಲ್ಲ ಎಂದು ವಾದ ಮಾಡಲು ಹೋಗಬೇಡಿ. 'ಇಷ್ಟೇ ಜನ, ಇಷ್ಟೇ ಸಾಮಾನು ಇಟ್ಟುಕೊಂಡು ನೀವು ಮಾಡಬಹುದಾದ್ದನ್ನು ಮಾಡಿದಿರಿ. ನಾನು ನೋಡಿದ್ದೇನೆ' ಎನ್ನಿ. ಕಂಡವರು ಹೇಳಿದಾಗ ಆ ಮಾತಿಗೆ ತೂಕ ಬರುತ್ತದೆ. ಆಮೇಲೆ ಕೆಲವು ವಾರ ಗುಣವಾಗಿ ಮನೆಗೆ ಹೋಗುವ ರೋಗಿಗಳಿರುವ ಕಡೆ ಅವರಿಗೆ ಸರದಿ ಕೊಡಿ. ನಡೆದು ಹೊರಗೆ ಹೋಗುವವರನ್ನು ಅವರು ಕಣ್ಣಾರೆ ನೋಡಬೇಕು.

ಇಂಥ ಮಾತಿಗೆ ಒಂದು ಜಾಗ ಇದ್ದರೆ ಇನ್ನೂ ಒಳ್ಳೆಯದು. ಬಾಸ್ಟನ್‌ನ ಕೆನ್ನೆತ್ ಶ್ವಾರ್ಟ್ಜ್ ಎಂಬ ವಕೀಲರು ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡರು. ತನ್ನನ್ನು ನೋಡಿಕೊಂಡವರ ಪ್ರೀತಿಯ ಮಾತು, ಸ್ಪರ್ಶ ತನಗೆಷ್ಟು ದೊಡ್ಡದಾಗಿತ್ತು ಎಂಬುದನ್ನು ಸಾಯುವ ಮುಂಚೆ ಬರೆದರು. ಅವರ ಹೆಸರಿನಲ್ಲಿ ಶುರುವಾದ 'ಶ್ವಾರ್ಟ್ಜ್ ರೌಂಡ್ಸ್' ಈಗ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಡಾಕ್ಟರು, ನರ್ಸು, ಕ್ಲೀನಿಂಗ್ ಸಿಬ್ಬಂದಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಚಿಕಿತ್ಸೆಯ ಚರ್ಚೆ ಇಲ್ಲ, ತಪ್ಪು ಹುಡುಕುವುದಿಲ್ಲ. ಈ ಕೆಲಸ ಮಾಡುವಾಗ ಮನಸ್ಸಿಗೆ ಏನಾಯಿತು ಎಂಬ ಮಾತು ಮಾತ್ರ. ಯಾರನ್ನೂ ಬಲವಂತ ಮಾಡುವುದಿಲ್ಲ, ಕೇಳಿಸಿಕೊಂಡು ಎದ್ದು ಹೋಗಬಹುದು. ತಿಂಗಳಿಗೊಮ್ಮೆ ಒಂದು ಗಂಟೆ ನೀವೂ ಮಾಡಬಹುದು. ಹಿರಿಯ ಡಾಕ್ಟರೊಬ್ಬರು ಮೊದಲು ಮಾತಾಡಿದರೆ ಕಿರಿಯರಿಗೆ ಧೈರ್ಯ ಬರುತ್ತದೆ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. 'ನೀವೆಲ್ಲ ಹೀರೋಗಳು' ಎಂಬ ಬ್ಯಾನರ್ ಇದ್ದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಹೊಗಳಿಕೆ ಯಾರಿಗೂ ಬೇಡವಾಗಿಲ್ಲ. ಆದರೆ ಹೀರೋ ಎನಿಸಿಕೊಂಡವರಿಗೆ ನನಗೆ ಭಯ ಆಗುತ್ತಿದೆ, ನನಗೆ ರಜೆ ಬೇಕು ಎಂದು ಹೇಳುವುದು ಕಷ್ಟವಾಗುತ್ತದೆ.

ಡೋಸ್ ತಪ್ಪಿದ ಸಿಸ್ಟರ್ ವಿಷಯ ಇವತ್ತೇ ಆಗಬೇಕಾದ್ದು. ತಪ್ಪಾದಾಗ ಮೊದಲು ನೋಯುವವರು ರೋಗಿ. ಆ ತಪ್ಪಿನ ಭಾರದಲ್ಲಿ ನುಗ್ಗಾಗುವ ಸಿಬ್ಬಂದಿಯನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ 'ಎರಡನೇ ಬಲಿಪಶು' ಎಂದು ಕರೆದರು. ರೋಗಿಗೆ ಏನೂ ಆಗದಿದ್ದರೂ 'ಆಗಬಹುದಿತ್ತಲ್ಲ' ಎಂಬುದು ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಸುತ್ತಲಿನವರು ಏನು ಹೇಳುವುದು ಎಂದು ತಿಳಿಯದೆ ಸುಮ್ಮನಾಗುತ್ತಾರೆ. ಆ ಮೌನವನ್ನು ಅವರು ತೀರ್ಪು ಎಂದು ಓದಿಕೊಳ್ಳುತ್ತಾರೆ.

ವಿಚಾರಣೆ ಬೇರೆ, ಆಸರೆ ಬೇರೆ. ಎರಡನ್ನೂ ಒಬ್ಬರೇ, ಒಂದೇ ಕೂತಲ್ಲಿ ಮಾಡಬಾರದು. ನೀವು ವರದಿ ಬರೆಯಬೇಕಾದವರಾದರೆ, ಅವರ ಜೊತೆ ಕೂರಲು ಅವರು ನಂಬುವ ಇನ್ನೊಬ್ಬರನ್ನು ಕಳಿಸಿ. ವರದಿಯಲ್ಲಿ ಅದು ಅವರ ಎಷ್ಟನೇ ರಾತ್ರಿ, ಎಷ್ಟು ರೋಗಿಗಳಿದ್ದರು, ಬಾಟಲಿಗಳು ಒಂದರಂತೆ ಒಂದು ಇದ್ದವೇ, ಎರಡನೆಯವರು ಡೋಸ್ ನೋಡುವ ಪದ್ಧತಿ ಯಾಕೆ ತಪ್ಪಿತು ಎಂಬುದನ್ನೆಲ್ಲ ಬರೆಯಿರಿ. ಔಷಧ ಕೊಡುವ ಕೆಲಸದಿಂದ ಅವರನ್ನು ಪೂರ್ತಿ ದೂರ ಇಡಬೇಡಿ. ಕೆಲವು ದಿನ ಜೊತೆಗೊಬ್ಬರನ್ನು ಕೊಟ್ಟು ಅದೇ ಕೆಲಸ ಮಾಡಿಸಿ. ಕೈಗೆ ನಂಬಿಕೆ ಬರುವುದು ಹಾಗೆ. ನಿಮ್ಮ ಸೇವೆಯಲ್ಲಿ ನಿಮ್ಮಿಂದಲೂ ಒಂದು ತಪ್ಪಾಗಿರುತ್ತದೆ. ಅದನ್ನು ಅವರಿಗೆ ಹೇಳಿ. ಇಡೀ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಎಂದರೆ ಇದನ್ನು ಮಾಡಿ.

ಯಾರ ಜೊತೆಗೂ ಮಾತಿಲ್ಲ ಎಂದು ಬರೆದಿದ್ದೀರಿ. ಆದ್ದರಿಂದ ನೇರವಾಗಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: 'ಬದುಕುವುದೇ ಬೇಡ ಎನಿಸುತ್ತಿದೆಯಾ? ಸಾಯುವ ಯೋಚನೆ ಬರುತ್ತಿದೆಯಾ?' ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಎಷ್ಟೋ ನರ್ಸುಗಳೂ ನಂಬಿದ್ದಾರೆ. ಹಾಗಾಗುವುದಿಲ್ಲ. ಕೇಳಿದವರಿದ್ದಾರೆ ಎಂಬುದೇ ಎಷ್ಟೋ ಜನರಿಗೆ ನಿರಾಳ ತರುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ಮನೋವೈದ್ಯರ ಹತ್ತಿರ ಜೊತೆಯಲ್ಲಿ ಹೋಗಿ. ಆಸ್ಪತ್ರೆ ಸಿಬ್ಬಂದಿಗೆ ಔಷಧಗಳು ಕೈಗೆ ಸಿಗುವಷ್ಟು ಹತ್ತಿರ ಇರುತ್ತವೆ, ಎಷ್ಟು ತೆಗೆದುಕೊಂಡರೆ ಏನಾಗುತ್ತದೆ ಎಂದೂ ಗೊತ್ತಿರುತ್ತದೆ. ಆದ್ದರಿಂದ ತಡ ಮಾಡುವ ಹಾಗಿಲ್ಲ.

ಉಳಿದವರಲ್ಲಿ ಯಾರಿಗೆ ಚಿಕಿತ್ಸೆ ಬೇಕು ಎಂದು ಗುರುತಿಸಲು ಎರಡು ವಾರದ ಲೆಕ್ಕ ಇಟ್ಟುಕೊಳ್ಳಿ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಖಿನ್ನತೆ ಇರಬಹುದು. ನೋಡಿದ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು, ಒಂದು ಕೋಣೆಗೆ ಹೋಗಲು ಕಾಲೇ ಬಾರದಿರುವುದು, ಕುಡಿತ ಅಥವಾ ಮಾತ್ರೆ ಜಾಸ್ತಿಯಾಗುವುದು, ಮೇಲಿಂದ ಮೇಲೆ ರಜೆ ಹಾಕುವುದು ಕೂಡ ಲಕ್ಷಣಗಳೇ. ಇವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಹೆಚ್ಚಿನವರು ಆಸರೆ ಸಿಕ್ಕರೆ ಚಿಕಿತ್ಸೆ ಇಲ್ಲದೆಯೂ ಚೇತರಿಸಿಕೊಳ್ಳುತ್ತಾರೆ ಎಂಬುದನ್ನೂ ಮರೆಯಬೇಡಿ. ಎಲ್ಲರನ್ನೂ ರೋಗಿಗಳಂತೆ ನೋಡಬೇಕಿಲ್ಲ.

ಹೆಲ್ಪ್‌ಲೈನಿಗೆ ಯಾರೂ ಫೋನ್ ಮಾಡದಿರುವುದಕ್ಕೆ ಕಾರಣ ನಿಮ್ಮ ಜನರನ್ನೇ ಕೇಳಿ. ನನಗೆ ಹೆಚ್ಚಾಗಿ ಕೇಳಿಬಂದಿರುವುದು ಒಂದೇ: 'ಫೋನ್ ಎತ್ತುವವರು ನಮ್ಮ ಆಸ್ಪತ್ರೆಯವರೇ ಆಗಿದ್ದರೆ? ಫೈಲಿನಲ್ಲಿ ಬರೆದರೆ? ನಾಳೆ ಬಡ್ತಿಗೆ ಅಡ್ಡ ಬಂದರೆ?' ಈ ಅನುಮಾನ ನ್ಯಾಯವಾದದ್ದು. ಸಲಹೆ ಕೊಡುವವರು ಆಸ್ಪತ್ರೆಯ ಹೊರಗಿನವರಾಗಿರಲಿ. ಹೆಸರು ಎಲ್ಲೂ ದಾಖಲಾಗುವುದಿಲ್ಲ ಎಂದು ಬರಹದಲ್ಲಿ ಕೊಡಲಿ. ಹೋಗುವ ಸಮಯ ಡ್ಯೂಟಿಯ ಒಳಗೇ ಇರಲಿ. ಗೋಡೆ ಮೇಲಿನ ನಂಬರಿಗಿಂತ, ವಾರಕ್ಕೆರಡು ಸಲ ವಿಶ್ರಾಂತಿ ಕೋಣೆಗೆ ಬಂದು ಕೂರುವ ಒಂದು ಪರಿಚಿತ ಮುಖ ಎಷ್ಟೋ ಮೇಲು.

ಇದನ್ನೆಲ್ಲ ಮಾಡುವಾಗ ನೆಲ ಒರೆಸುವವರು, ಆಂಬುಲೆನ್ಸ್ ಓಡಿಸುವವರು, ಶವಾಗಾರದಲ್ಲಿ ಕೆಲಸ ಮಾಡುವವರನ್ನು ಸೇರಿಸಿಕೊಳ್ಳಿ. ಅವರು ನೋಡುವುದು ಕಡಿಮೆ ಏನಲ್ಲ, ಅವರನ್ನು ವಿಚಾರಿಸುವವರು ಮಾತ್ರ ಇಲ್ಲ.

ಅಲೆ ಇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ರೋಗಿಗಳನ್ನು ನೋಡಿಕೊಂಡ ಆಸ್ಪತ್ರೆಗಳ ಸಿಬ್ಬಂದಿಯನ್ನು 13ರಿಂದ 26 ತಿಂಗಳ ನಂತರ ಪರೀಕ್ಷಿಸಿದಾಗ, ಸಾರ್ಸ್ ಇಲ್ಲದಿದ್ದ ಪಕ್ಕದ ಹ್ಯಾಮಿಲ್ಟನ್ ನಗರದವರಿಗಿಂತ ಅವರಲ್ಲಿ ಬರ್ನ್‌ಔಟ್ ಮತ್ತು ಮಾನಸಿಕ ಸಂಕಟ ಹೆಚ್ಚಿತ್ತು. ರೋಗಿಗಳನ್ನು ನೋಡುವ ಸಮಯ ಕಡಿಮೆ ಮಾಡಿಕೊಂಡವರಿದ್ದರು, ಸಿಗರೇಟು ಕುಡಿತ ಹೆಚ್ಚಿಸಿಕೊಂಡವರಿದ್ದರು. ತಮಗೆ ಸರಿಯಾದ ತರಬೇತಿ, ರಕ್ಷಣೆ, ಬೆಂಬಲ ಸಿಕ್ಕಿತ್ತು ಎನಿಸಿದವರು ಕಡಿಮೆ ನರಳಿದ್ದರು. ನೀವು ಈಗ ಚಾರ್ಟಿನಲ್ಲಿ ಮಾಡುವ ಬದಲಾವಣೆ ಎರಡು ವರ್ಷದ ನಂತರವೂ ಅವರ ಜೊತೆಗಿರುತ್ತದೆ. ರೋಗಿಗಳು ಕಡಿಮೆಯಾದ ಕೂಡಲೇ ಬಾಕಿ ರಜೆಗಳನ್ನು ಕೊಡಿಸಿ. ಮೂರು ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ, ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸಿ.

ಕೊನೆಗೆ ನೀವು. ಇನ್‌ಚಾರ್ಜ್ ಅತ್ತರೆ ವಾರ್ಡಿನ ಗತಿ ಏನು ಎಂದು ಕೇಳಿದ್ದೀರಿ. ವಾರ್ಡ್ ನಡೆಯುತ್ತದೆ, ಸಿಸ್ಟರ್. 'ನನಗೂ ಈ ವಾರ ಕಷ್ಟವಾಯಿತು' ಎಂದು ನೀವು ಒಂದು ಸಲ ಹೇಳಿದರೆ ಆ ಹುಡುಗಿ ಬಟ್ಟೆ ಬದಲಿಸುವ ಕೋಣೆಗೆ ಹೋಗುವ ಬದಲು ನಿಮ್ಮ ಹತ್ತಿರ ಬರುತ್ತಾಳೆ. ನಿಮ್ಮಷ್ಟೇ ಜವಾಬ್ದಾರಿ ಇರುವ ಇನ್ನೊಂದು ವಾರ್ಡಿನ ಇನ್‌ಚಾರ್ಜ್ ಜೊತೆ ನೀವೂ ಜೋಡಿಯಾಗಿ. ಮುಂದಿನ ಚಾರ್ಟ್ ಬರೆಯುವಾಗ ಮೊದಲ ವಾರದ ರಜೆಗಳಲ್ಲಿ ನಿಮ್ಮ ಹೆಸರಿರಲಿ. ಅವತ್ತು ಫೋನ್ ಇನ್ನೊಬ್ಬರ ಕೈಯಲ್ಲಿರಲಿ. ನಿದ್ದೆಗಾಗಿ ವಾರ್ಡಿನ ಬೀರುವಿನಿಂದ ಮಾತ್ರೆ ತೆಗೆದುಕೊಳ್ಳಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ರಜೆ ಸಿಕ್ಕ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ನಿಮ್ಮ ಆಸ್ಪತ್ರೆಯಲ್ಲೇ ಬೇಡ ಎನಿಸಿದರೆ ಬೇರೆ ಕಡೆಯ ಮನೋವೈದ್ಯರನ್ನು ಕಾಣಿ. ಹೋಗುವಾಗ ನಿಮ್ಮ ಜೋಡಿಯನ್ನೂ ಕರೆದುಕೊಂಡು ಹೋಗಿ.